ಹಳೆಯ ಪಂಪಿಗೆ ಹೊಸ ಎಂಜಿನ್: ಬೆಲ್ಟೋ, ನೇರ ಜೋಡಣೆಯೋ?

ಸಕಲೇಶಪುರ, ಮೂಡಿಗೆರೆ, ಆಲ್ದೂರಿನ ಕಡೆಯ ರೋಬಸ್ಟಾ ಕಾಫಿ ತೋಟಗಳಲ್ಲಿ ಫೆಬ್ರವರಿ ಕೊನೆಯ ಹೊತ್ತಿಗೆ ಮೊಗ್ಗು ಬಲಿತು ನೀರಿಗಾಗಿ ಕಾದಿರುತ್ತದೆ. ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರಿನಿಂದ ಒಂದರಿಂದ ಒಂದೂವರೆ ಅಂಗುಲ ನೀರು ಕೊಡಬೇಕು, ಹದಿನೈದು ಇಪ್ಪತ್ತು ದಿನ ಕಳೆದ ಮೇಲೆ ಬ್ಯಾಕಿಂಗ್ ನೀರನ್ನೂ (ಹೂವಾದ ಮೇಲೆ ಕೊಡುವ ಎರಡನೇ ನೀರು) ಕೊಡಬೇಕು. ಒಂದು ಎಕರೆಗೆ ಒಂದು ಅಂಗುಲ ನೀರೆಂದರೆ ಒಂದು ಲಕ್ಷ ಲೀಟರಿಗೂ ಹೆಚ್ಚು. ಆ ಕೆಲವು ವಾರ ಹಗಲಿರುಳು ಓಡುವ ಪಂಪು ನಡುವೆ ನಿಂತರೆ ಆ ವರ್ಷದ ಫಸಲೇ ಏರುಪೇರಾಗುತ್ತದೆ. ಹಳೆಯ ಡೀಸೆಲ್ ಎಂಜಿನ್ ತೆಗೆದು ಹೊಸದನ್ನು ಕೂರಿಸಿದ ಅನೇಕ ಪಂಪ್‌ಹೌಸುಗಳನ್ನು ನೋಡಿದ್ದೇನೆ. ತೊಂದರೆ ಎದ್ದದ್ದು ಹೆಚ್ಚಾಗಿ ಎಂಜಿನ್ನಿನಲ್ಲಿ ಅಲ್ಲ, ಎಂಜಿನ್ನಿಗೂ ಪಂಪಿಗೂ ನಡುವೆ ಇರುವ ಒಂದಡಿ ಜಾಗದಲ್ಲಿ.

ಅಂಗಡಿಗೆ ಹೋಗುವ ಮೊದಲು ಪಂಪಿನ ಮೇಲಿನ ತಗಡಿನ ಫಲಕವನ್ನು ಒರೆಸಿ ಓದಿರಿ. ಅದರಲ್ಲಿ ಹೆಡ್ (ಪಂಪು ನೀರನ್ನು ಎಷ್ಟು ಮೀಟರ್ ಎತ್ತರಕ್ಕೆ ತಳ್ಳಬಲ್ಲದು ಎಂಬ ಅಳತೆ), ನಿಮಿಷಕ್ಕೆ ಅಥವಾ ಸೆಕೆಂಡಿಗೆ ಎತ್ತುವ ನೀರು, ಸುತ್ತುಗಳ ಸಂಖ್ಯೆ ಇರುತ್ತವೆ. ಪಂಪಿನ ಮೈಮೇಲೆ ತಿರುಗುವ ದಿಕ್ಕಿನ ಬಾಣವಿರುತ್ತದೆ. ಸುತ್ತುಗಳ ಸಂಖ್ಯೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಪಂಪನ್ನು ಶೇ. 10ರಷ್ಟು ಹೆಚ್ಚು ವೇಗದಲ್ಲಿ ಓಡಿಸಿದರೆ ನೀರು ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಆದರೆ ಎಂಜಿನ್ನಿನ ಮೇಲಿನ ಹೊರೆ ಶೇ. 33ರಷ್ಟು ಏರುತ್ತದೆ.

ಎಷ್ಟು ಎಚ್‌ಪಿ ಬೇಕೆಂಬುದು ಸರಳ ಲೆಕ್ಕ. ಸೆಕೆಂಡಿಗೆ 10 ಲೀಟರ್ ನೀರನ್ನು ಒಟ್ಟು 80 ಮೀಟರ್ ಹೆಡ್ಡಿಗೆ ಕೊಡುವ, ಶೇ. 60ರಷ್ಟು ದಕ್ಷತೆಯ ಪಂಪಿಗೆ ಸುಮಾರು 17.5 ಎಚ್‌ಪಿ ಬೇಕು. ನಮ್ಮ ಮಲೆನಾಡು ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿರುವುದರಿಂದ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ತನ್ನ ಶಕ್ತಿಯ ಹತ್ತನೇ ಒಂದು ಭಾಗದಷ್ಟನ್ನು ಕಳೆದುಕೊಳ್ಳುತ್ತದೆ. ಬೆಲ್ಟ್ ಹಾಕಿದರೆ ಇನ್ನೊಂದು ಶೇ. 5 ಹೋಗುತ್ತದೆ. ಹೀಗಾಗಿ ಇಂಥ ಪಂಪಿಗೆ 22 ಎಚ್‌ಪಿಗೆ ಕಡಿಮೆಯದನ್ನು ಕೊಳ್ಳಬೇಡಿ.

ಈಗ ಮುಖ್ಯವಾದ ಆಯ್ಕೆ. ಹೊಸ ಎಂಜಿನ್ನಿನ ವೇಗವೂ ಪಂಪಿನ ವೇಗವೂ ಒಂದೇ ಆಗಿದ್ದು, ತಿರುಗುವ ದಿಕ್ಕೂ ಹೊಂದಿಕೊಂಡರೆ ನಾನು ಹೇಳುವುದು ನೇರ ಜೋಡಣೆಯನ್ನೇ, ಎಂದರೆ ಎರಡು ಶಾಫ್ಟುಗಳನ್ನು ತುದಿಗೆ ತುದಿ ಸೇರಿಸುವುದನ್ನೇ, ಅದರಲ್ಲೂ ನಡುವೆ ರಬ್ಬರ್ ಟೈರ್ ಇರುವ ಟೈರ್ ಕಪ್ಲಿಂಗನ್ನೇ. ಶಕ್ತಿ ಪೋಲಾಗುವುದಿಲ್ಲ, ಬೇರಿಂಗನ್ನು ಪಕ್ಕಕ್ಕೆ ಎಳೆಯುವ ಬಲವಿರುವುದಿಲ್ಲ, ನಡುರಾತ್ರಿ ಬೆಲ್ಟ್ ಹರಿಯುವ ಭಯವೂ ಇಲ್ಲ. ಎಂಜಿನ್ನನ್ನು ಫ್ಲೈವೀಲಿನ ಕಡೆಯಿಂದ ನೋಡಿದಾಗ ಅದು ಎಡಸುತ್ತಾಗಿ ತಿರುಗಿದರೆ, ಎದುರಿಗಿರುವ ಪಂಪು ತನ್ನ ಶಾಫ್ಟಿನ ಕಡೆಯಿಂದ ನೋಡಿದಾಗ ಬಲಸುತ್ತಾಗಿ ತಿರುಗುತ್ತದೆ. ಪಂಪಿನ ಬಾಣ ಇದಕ್ಕೆ ವಿರುದ್ಧವಾಗಿದ್ದರೆ ನೇರ ಜೋಡಣೆಯ ಯೋಚನೆಯನ್ನು ಅಲ್ಲಿಗೇ ಬಿಡಬೇಕು. ವೇಗ ಹೊಂದದಿದ್ದರೆ, ಅಥವಾ ಎಂಜಿನ್ ರಬ್ಬರ್ ಮೌಂಟಿನ ಮೇಲೂ ಪಂಪು ಕಾಂಕ್ರೀಟಿನ ಮೇಲೂ ಬೇರೆಬೇರೆಯಾಗಿ ಕೂರುವಂತಿದ್ದರೆ ಬೆಲ್ಟೇ ಸರಿ. ಲೈನ್, ಎಂದರೆ ಎರಡು ಶಾಫ್ಟುಗಳು ಒಂದೇ ಗೆರೆಯಲ್ಲಿವೆಯೇ ಎಂದು ನೋಡಲು ತಾಳ್ಮೆಯುಳ್ಳ ಫಿಟ್ಟರ್ ಸಿಗದಿದ್ದರೂ ಬೆಲ್ಟೇ ಸರಿ, ಏಕೆಂದರೆ ಲೈನ್ ತಪ್ಪಿದ ನೇರ ಜೋಡಣೆಯಷ್ಟು ಬೇಗ ಪಂಪನ್ನು ಹಾಳುಮಾಡುವುದು ಬೇರೊಂದಿಲ್ಲ. ಸಕಲೇಶಪುರದ ಬಳಿಯ ಸ್ನೇಹಿತರೊಬ್ಬರ ತೋಟದಲ್ಲಿ ಎರಡು ಬೇಸಿಗೆಯಲ್ಲಿ ಮೂರು ಸಲ ಬೇರಿಂಗ್ ಹೋಯಿತು. ಪ್ರತಿ ಸಲವೂ ಬೇರಿಂಗನ್ನೇ ದೂರಿದರು. ಕಡೆಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಇಟ್ಟು ನೋಡಿದಾಗ ಕಪ್ಲಿಂಗಿನ ಮೇಲಂಚಿನ ಸಂದಿಗೂ ಕೆಳಅಂಚಿನದಕ್ಕೂ ಒಂದು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿತ್ತು.

ಲೈನ್ ಹೊಂದಿಸುವ ಕ್ರಮ ಹೀಗೆ. ಎಂಜಿನ್ನೂ ಪಂಪೂ ಒಂದೇ ಸಿ ಚಾನೆಲ್ ಫ್ರೇಮಿನ ಮೇಲೆ ಇರಬೇಕು, ಫ್ರೇಮಿನ ಕೆಳಗಿನ ಕಾಂಕ್ರೀಟು ಕನಿಷ್ಠ ಹದಿನೈದು ದಿನ ನೀರುಂಡು ಗಟ್ಟಿಯಾಗಿರಬೇಕು. ಎಂಜಿನ್ನಿನ ನಾಲ್ಕು ಪಾದಗಳ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ ನೋಡಿ. ಯಾವ ಪಾದ ಮೇಲೇಳುತ್ತದೋ ಅದರಡಿಗೆ ಮೊದಲು ಶಿಮ್ (ತೆಳು ಲೋಹದ ಹಾಳೆ) ತುಂಬಿರಿ. ಇದನ್ನು ಬಿಟ್ಟು ಮುಂದೆ ಹೋದರೆ ಬೋಲ್ಟ್ ಬಿಗಿದಾಗಲೆಲ್ಲ ಅಳತೆ ಬದಲಾಗುತ್ತಲೇ ಇರುತ್ತದೆ. ಆಮೇಲೆ ಡೀಸೆಲ್ ಕಾಕ್ ಮುಚ್ಚಿ, ಎಂಜಿನ್ ಕೈಯಿಂದ ಸುಲಭವಾಗಿ ತಿರುಗುವಂತೆ ಡಿಕಂಪ್ರೆಶನ್ ಲಿವರ್ ಎತ್ತಿ, ಕಪ್ಲಿಂಗಿನ ಎರಡು ಮುಖಗಳ ನಡುವಿನ ಸಂದನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಅಳೆಯಿರಿ. ಪ್ರತಿ ಅಳತೆಗೂ ಎರಡೂ ಭಾಗಗಳನ್ನು ಒಟ್ಟಿಗೆ ತಿರುಗಿಸಿ, ಗುರುತು ಮಾಡಿದ ಜಾಗದಲ್ಲೇ ಗೇಜ್ ಇಡಬೇಕು. ಒಂದನ್ನು ಮಾತ್ರ ತಿರುಗಿಸಿದರೆ ಕಪ್ಲಿಂಗಿನದೇ ಓರೆಕೋರೆ ಲೆಕ್ಕಕ್ಕೆ ಸೇರಿಬಿಡುತ್ತದೆ.

ಮೇಲಿನ ಸಂದು ಕೆಳಗಿನದಕ್ಕಿಂತ 0.2 ಮಿ.ಮೀ. ಅಗಲವಾಗಿದೆ, ಕಪ್ಲಿಂಗಿನ ಅಡ್ಡಳತೆ 150 ಮಿ.ಮೀ., ಎಂಜಿನ್ನಿನ ಮುಂದಿನ ಮತ್ತು ಹಿಂದಿನ ಪಾದಗಳ ನಡುವೆ 450 ಮಿ.ಮೀ. ಇದೆ ಎಂದುಕೊಳ್ಳಿ. ಎಂಜಿನ್ನಿನ ಹಿಂಭಾಗ (ಪಂಪಿನಿಂದ ದೂರದ ತುದಿ) ತಗ್ಗಿದೆ ಎಂದರ್ಥ, 0.2ನ್ನು 450ರಿಂದ ಗುಣಿಸಿ 150ರಿಂದ ಭಾಗಿಸಿದರೆ ಹಿಂದಿನ ಪಾದಗಳಡಿಗೆ 0.6 ಮಿ.ಮೀ. ಶಿಮ್ ಬೇಕೆಂದು ತಿಳಿಯುತ್ತದೆ. ಕಣ್ಣಂದಾಜಿನಲ್ಲಿ ತಗಡು ತುರುಕುತ್ತಾ ಅರ್ಧ ದಿನ ಕಳೆಯುವ ಅಗತ್ಯವೇ ಇಲ್ಲ. ಓರೆ ಸರಿಯಾದ ಮೇಲೆ ಎರಡು ಶಾಫ್ಟುಗಳ ನಡುವಿನ ಏರುತಗ್ಗನ್ನು ನೋಡಿ. ಡಯಲ್ ಗೇಜನ್ನು (ಮುಳ್ಳಿನ ಅಳತೆಗೋಲು) ಕಪ್ಲಿಂಗಿನ ಒಂದು ಭಾಗಕ್ಕೆ ಕಟ್ಟಿ ಅದರ ತುದಿಯನ್ನು ಇನ್ನೊಂದರ ಸುತ್ತಂಚಿಗೆ ತಾಗಿಸಿ ಒಂದು ಸುತ್ತು ತಿರುಗಿಸಿದಾಗ ಮುಳ್ಳು ಒಟ್ಟು ಎಷ್ಟು ಓಡುತ್ತದೋ ಅದರ ಅರ್ಧವೇ ನಿಜವಾದ ತಪ್ಪು. ಟೈರ್ ಕಪ್ಲಿಂಗ್ ಸಾಕಷ್ಟು ತಪ್ಪನ್ನು ಸಹಿಸುತ್ತದೆಂದು ಅಂಗಡಿಯವರು ಹೇಳುವುದು ನಿಜವಾದರೂ ಬೇರಿಂಗ್ ಸಹಿಸುವುದಿಲ್ಲ, 0.1 ಮಿ.ಮೀ.ಗೆ ತರುವವರೆಗೆ ಬಿಡಬೇಡಿ. ಶಿಮ್ಮಿಗೆ ಹಿತ್ತಾಳೆ ಅಥವಾ ಸ್ಟೀಲ್ ಹಾಳೆಯನ್ನೇ ಬಳಸಿ. ಎಣ್ಣೆ ಡಬ್ಬದ ತಗಡು, ಸೈಕಲ್ ಟ್ಯೂಬಿನ ತುಂಡು ಒಂದೇ ವಾರದಲ್ಲಿ ಅದುಮಿಕೊಳ್ಳುತ್ತವೆ.

ಇಷ್ಟಾದ ಮೇಲೆ ಪೈಪು ಕೂಡಿಸುವಾಗ ಎಲ್ಲವನ್ನೂ ಕೆಡಿಸಿಕೊಳ್ಳುವವರೇ ಹೆಚ್ಚು. ಡೆಲಿವರಿ ಪೈಪಿನ ಭಾರ ಪಂಪಿನ ಮೇಲೆ ಬೀಳದೆ ತನ್ನದೇ ಕಂಬದ ಮೇಲೆ ಕೂರಬೇಕು. ಬೋಲ್ಟ್ ಹಾಕುವ ಮೊದಲೇ ಎರಡು ಫ್ಲ್ಯಾಂಜುಗಳು (ಪೈಪಿನ ಮತ್ತು ಪಂಪಿನ ತುದಿಯ ಬೋಲ್ಟ್ ಬಿಲ್ಲೆಗಳು) ಕೈಯಿಂದ ಸೇರಬೇಕು. ಸಲಾಕೆಯಿಂದ ಎಳೆದು ಸೇರಿಸಿದರೆ ಪಂಪು ಬಾಗುತ್ತದೆ. ಪೈಪು ಬಿಗಿದ ಮೇಲೆ ಇನ್ನೊಮ್ಮೆ, ಅರ್ಧ ಗಂಟೆ ಓಡಿಸಿ ಎಂಜಿನ್ ಬಿಸಿಯಿರುವಾಗಲೇ ಮತ್ತೊಮ್ಮೆ ಅಳೆಯಿರಿ.

ಬೆಲ್ಟ್ ಆರಿಸಿಕೊಂಡವರಿಗೆ ಕೆಲಸ ಹಗುರ. ಎಂಜಿನ್ 1,500, ಪಂಪು 2,000 ಸುತ್ತಿನದಾದರೆ ಎಂಜಿನ್ನಿಗೆ 8 ಅಂಗುಲದ ಪುಲ್ಲಿ, ಪಂಪಿಗೆ 6 ಅಂಗುಲದ್ದು. ಎರಡು ಪುಲ್ಲಿಗಳ ಮುಖಕ್ಕೆ ಎಳೆದು ಹಿಡಿದ ದಾರ ನಾಲ್ಕೂ ಕಡೆ ತಾಗಬೇಕು. ಪುಲ್ಲಿ ಬೇರಿಂಗಿಗೆ ಆದಷ್ಟು ಹತ್ತಿರವಿರಲಿ. ಬೀಡು ಕಬ್ಬಿಣದ್ದನ್ನೇ ಕೊಳ್ಳಿ, ಅಗ್ಗದ ಅಲ್ಯೂಮಿನಿಯಂ ಪುಲ್ಲಿಯಲ್ಲಿ ಬೆಲ್ಟ್ ಕೂರುವ ತೋಡು ಒಂದೆರಡು ಬೇಸಿಗೆಯಲ್ಲೇ ಸವೆದುಹೋಗುವುದನ್ನು ಕಂಡಿದ್ದೇನೆ. ಮೂರು ಬೆಲ್ಟಿನಲ್ಲಿ ಒಂದು ಹರಿದರೆ ಮೂರನ್ನೂ ಬದಲಿಸಿ, ಇಲ್ಲವಾದರೆ ಹೊಸದೊಂದೇ ಹೊರೆಯನ್ನೆಲ್ಲ ಹೊರುತ್ತದೆ. ಪುಲ್ಲಿಗಳ ನಡುವಿನ ಬೆಲ್ಟನ್ನು ಒತ್ತಿ ನೋಡಿದಾಗ ಮೀಟರಿಗೆ ಸುಮಾರು 16 ಮಿ.ಮೀ. ತಗ್ಗಿದರೆ ಬಿಗಿ ಸರಿಯಾಗಿದೆ. ಜಾರುವ ಬೆಲ್ಟಿಗೆ ರಾಳ ಹಚ್ಚಬೇಡಿ, ಬಿಗಿ ಮಾಡಿ. ಕಬ್ಬಿಣದ ಜಾಲರಿ ಹಾಕದೆ ಎಂಜಿನ್ ಶುರುಮಾಡಲು ಬಿಡಲೇಬೇಡಿ, ಏಕೆಂದರೆ ರಾತ್ರಿ ಒಬ್ಬರೇ ಪಂಪು ನೋಡಿಕೊಳ್ಳುವವರ ಹೆಗಲ ಮೇಲೆ ಟವೆಲ್ಲು ಇದ್ದೇ ಇರುತ್ತದೆ.

ಇವೆಲ್ಲವನ್ನೂ ಜನವರಿಯಲ್ಲೇ ಮುಗಿಸಿ, ಸ್ಪ್ರಿಂಕ್ಲರ್ ಜೆಟ್ಟುಗಳನ್ನು ಜೋಡಿಸಿ ಪೂರ್ಣ ಹೊರೆಯಲ್ಲಿ ನಾಲ್ಕು ಗಂಟೆ ಓಡಿಸಿರಿ. ಬೇರಿಂಗಿನ ಮೇಲೆ ಅಂಗೈ ಇಡಲಾಗದಷ್ಟು ಬಿಸಿಯಾದರೆ ನಿಲ್ಲಿಸಿ, ಮತ್ತೆ ಫೀಲರ್ ಗೇಜಿನಿಂದಲೇ ಆರಂಭಿಸಿ.