ಹೆಗಲಿನ ಗಂಟನ್ನು ಕೈಯಿಂದ ಸಡಿಲಿಸುವುದು ಹೇಗೆ?

ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತವರು ಸಂಜೆ ಹೆಗಲು ಹಿಡಿದುಕೊಂಡಿದೆ ಎಂದಾಗ ಮುಟ್ಟಿ ತೋರಿಸುವುದು ಕುತ್ತಿಗೆಯಿಂದ ಭುಜದವರೆಗೆ ಹಬ್ಬಿರುವ ಟ್ರೆಪೀಜಿಯಸ್ ಸ್ನಾಯುವಿನ ಮೇಲಂಚನ್ನು. ಅಲ್ಲಿ ಹುಣಸೆ ಬೀಜದಷ್ಟು ಗಟ್ಟಿಯಾದ ಗಂಟು ಬೆರಳಿಗೆ ಸಿಗುತ್ತದೆ. ಅದನ್ನು ಒತ್ತಿದರೆ ನೋವು ಕಿವಿಯ ಹಿಂದಿನಿಂದ ಕಣತಲೆಯವರೆಗೆ ಹರಿಯುವುದರಿಂದ, ಅನೇಕರು ಇದನ್ನು ಬರಿಯ ತಲೆನೋವೆಂದು ತಿಳಿದು ಮಾತ್ರೆ ನುಂಗುತ್ತಾರೆ. ಹೀಗೆ ದೂರಕ್ಕೆ ನೋವು ಹರಿಸುವ ‘ಟ್ರಿಗರ್ ಪಾಯಿಂಟ್’ಗಳನ್ನು ಗುರುತಿಸಿ ನಕ್ಷೆಗಿಳಿಸಿದವರಲ್ಲಿ ಪ್ರಮುಖರು, 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ವೈದ್ಯೆಯಾದ ಜಾನೆಟ್ ಟ್ರಾವೆಲ್.

ಕೈಯಲ್ಲಿ ಜೋಮು, ಹಿಡಿತದಲ್ಲಿ ಬಲಹೀನತೆ, ಜ್ವರ ಇದ್ದರೆ, ಬಿದ್ದು ಪೆಟ್ಟಾಗಿದ್ದರೆ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಮೊದಲು ವೈದ್ಯರನ್ನು ಕಾಣಬೇಕು.

ನೋವಿರುವವರನ್ನು ಮೇಜಿನ ಮುಂದೆ ಕೂರಿಸಿ, ಎರಡೂ ತೋಳುಗಳನ್ನು ದಿಂಬಿನ ಮೇಲೆ ಇಡಿಸಿ. ತೋಳಿನ ಭಾರ ಇಳಿಯದ ಹೊರತು ಹೆಗಲು ಸಡಿಲಗೊಳ್ಳದು. ಬಿಸಿ ನೀರಿನ ಚೀಲದಿಂದ ಹತ್ತು ನಿಮಿಷ ಕಾವು ಕೊಡಿ. ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ನಾಲ್ಕು ಹನಿ ಸಾಕು, ಹೆಚ್ಚಾದರೆ ಬೆರಳು ಜಾರುತ್ತದೆ.

ಹೆಬ್ಬೆರಳನ್ನು ಹಿಂದೆ, ಎರಡು ಬೆರಳುಗಳನ್ನು ಮುಂದೆ ಇಟ್ಟು ಸ್ನಾಯುವಿನ ಅಂಚನ್ನು ಚಿವುಟಿದಂತೆ ಹಿಡಿದು, ಗಂಟು ಸಿಕ್ಕಿದಲ್ಲಿ ನಿಲ್ಲಿಸಿ ನಿಧಾನವಾಗಿ ಒತ್ತಡ ಹೆಚ್ಚಿಸಿ. ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಕೇಳಿ. ಐದು ಎಂದಾಗ ಇನ್ನೂ ಒತ್ತದೆ, ಉಜ್ಜದೆ, ಅಷ್ಟೇ ಒತ್ತಡದಲ್ಲಿ 30ರಿಂದ 60 ಸೆಕೆಂಡ್ ಕಾಯಬೇಕು. ಈ ಕಾಯುವಿಕೆಯೇ ಕಷ್ಟ, ಮನೆಮಂದಿಗೆ ಬಲ ಹಾಕಿ ತಿಕ್ಕುವ ಆತುರ ಜಾಸ್ತಿ. ಫ್ರಿಜ್‌ನಿಂದ ತೆಗೆದ ಬೆಣ್ಣೆ ಹೊರಗಿನ ಸೆಕೆಗೆ ಮೆತ್ತಗಾಗುವಂತೆ ಗಂಟು ಬೆರಳಡಿ ಸಡಿಲುವುದು ತಿಳಿಯುತ್ತದೆ. ಎರಡು ಮೂರು ಬಾರಿ ಹೀಗೆ ಮಾಡಿದ ಮೇಲೆ ನೋವಿರುವವರು ತಲೆಯನ್ನು ಇನ್ನೊಂದು ಬದಿಯ ಭುಜದತ್ತ ಬಾಗಿಸಿ 20 ಸೆಕೆಂಡ್ ಹಿಡಿಯಲಿ. ಕುತ್ತಿಗೆಯ ಮುಂಭಾಗದಲ್ಲಿ ಮೆದುಳಿಗೆ ಹೋಗುವ ರಕ್ತನಾಳವಿರುವುದರಿಂದ ಅಲ್ಲಿ ಒತ್ತಲೇಬಾರದು.

ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಚಿ ಲಟಿಕೆ ತೆಗೆಸಿಕೊಳ್ಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹಾಗೆ ಹಠಾತ್ತನೆ ತಿರುಚಿದಾಗ ಬೆನ್ನುಮೂಳೆಯ ಪಕ್ಕದ ರಕ್ತನಾಳ ಹರಿದು ಪಾರ್ಶ್ವವಾಯು ಆಗುವ ಅಪಾಯವುಂಟು.

ಮರುದಿನ ಏಟು ಬಿದ್ದಂತೆ ಸ್ವಲ್ಪ ನೋಯುವುದು ಸಹಜ, ಆದ್ದರಿಂದ ಒಂದು ದಿನ ಬಿಟ್ಟು ಮಾಡಿ. ಎರಡು ವಾರದ ನಂತರವೂ ಗಂಟು ಅಲ್ಲೇ ಮರಳುತ್ತಿದ್ದರೆ, ಲ್ಯಾಪ್‌ಟಾಪ್‌ನ ಅಡಿಗೆ ದಪ್ಪ ಪುಸ್ತಕಗಳನ್ನಿಟ್ಟು ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿ, ಬೇರೆ ಕೀಬೋರ್ಡ್ ಜೋಡಿಸಿಕೊಂಡು, ಫಿಸಿಯೋಥೆರಪಿಸ್ಟ್ ಒಬ್ಬರಿಗೆ ತೋರಿಸಿ.