ಸಿಂಗಾಪುರದ ಯೂನಿವರ್ಸಲ್‌ಗೆ ಹೊರಟಿದ್ದೀರಾ? ಗೇಟಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಮಕ್ಕಳನ್ನು ಕರೆದುಕೊಂಡು ಸಿಂಗಾಪುರಕ್ಕೆ ಹೊರಟವರ ಪಟ್ಟಿಯಲ್ಲಿ ಯೂನಿವರ್ಸಲ್ ಸ್ಟುಡಿಯೋಸ್ ಎಂಬ ಥೀಮ್ ಪಾರ್ಕ್ ಇದ್ದೇ ಇರುತ್ತದೆ. ಟಿಕೆಟ್‌ಗೆ ದುಡ್ಡು ಸುರಿದು, ಹನ್ನೊಂದೂವರೆಗೆ ಗೇಟ್ ಮುಟ್ಟಿ, ಬಿಸಿಲಲ್ಲಿ ಕ್ಯೂ ನಿಂತು, ಮಗು ಅತ್ತು, ಅಜ್ಜನ ಕಾಲು ಊದಿಕೊಂಡು, ಮೂರೇ ಮೂರು ರೈಡ್ ಮುಗಿಸಿ ವಾಪಸ್ ಬರುವ ಮನೆಯವರನ್ನು ಬೇಕಾದಷ್ಟು ನೋಡಿದ್ದೇನೆ. ಇಷ್ಟಕ್ಕೆಲ್ಲ ಕಾರಣ ಬೆಳಗಿನ ಆ ಮೂರು ತಾಸು. ಹೋಟೆಲ್ ಬಾಗಿಲಿನಿಂದ ಪಾರ್ಕ್ ಗೇಟಿನವರೆಗಿನ ಆ ಹೊತ್ತನ್ನು ಯಾರೂ ಸರಿಯಾಗಿ ಯೋಚಿಸುವುದಿಲ್ಲ. ಅದಕ್ಕೇ ಇಲ್ಲಿ ಆ ಭಾಗವನ್ನು ಬಿಡಿಸಿ ಹೇಳುತ್ತೇನೆ, ಉಳಿದದ್ದನ್ನು ಬೇಗ ಮುಗಿಸುತ್ತೇನೆ.

ಯಾವಾಗ ಹೋಗಬೇಕು

ಏಪ್ರಿಲ್ ಎರಡನೇ ವಾರದಿಂದ ಮೇ ಮೂರನೇ ವಾರದೊಳಗೆ ಹೋಗಿ. ನಮ್ಮ ಮಕ್ಕಳಿಗೆ ರಜೆ, ಅಲ್ಲಿನ ಮಕ್ಕಳಿಗೆ ಶಾಲೆ. ಸಿಂಗಾಪುರದ ಶಾಲೆಗಳಿಗೆ ದೊಡ್ಡ ರಜೆ ಬರುವುದು ಜೂನ್‌ನಲ್ಲಿ, ಮತ್ತೆ ನವೆಂಬರ್-ಡಿಸೆಂಬರ್‌ನಲ್ಲಿ. ಮೇ 1ರ ಆಸುಪಾಸು ಬಿಟ್ಟುಬಿಡಿ, ಚೀನಾದವರಿಗೂ ಅದೇ ರಜೆ. ದಸರಾ ರಜೆಯಲ್ಲಿ ಹೋಗುವವರು ಅಕ್ಟೋಬರ್ ಮೊದಲ ವಾರವನ್ನು ತಪ್ಪಿಸಲೇಬೇಕು. ಆಗಲೂ ಚೀನಾದಲ್ಲಿ ಒಂದು ವಾರ ರಜೆ ಇರುತ್ತದೆ. ಅದೇ ಹೊತ್ತಿಗೆ ಪಾರ್ಕ್‌ನಲ್ಲಿ ಹ್ಯಾಲೋವೀನ್ ರಾತ್ರಿಗಳೂ ಶುರುವಾಗಿರುತ್ತವೆ. ಆ ದಿನಗಳಲ್ಲಿ ಹಗಲಿನ ಟಿಕೆಟ್‌ನವರನ್ನು ಬೇಗ ಹೊರಗೆ ಕಳಿಸುತ್ತಾರೆ. ವಾರದಲ್ಲಿ ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ಆರಿಸಿ. ಟಿಕೆಟ್ ಕೂಡ ದಿನಾಂಕ ನೋಡಿಯೇ ಕೊಡುತ್ತಾರೆ.

ವೀಸಾ, ಅರೈವಲ್ ಕಾರ್ಡ್

ಭಾರತೀಯರಿಗೆ ವೀಸಾ ಬೇಕು, ಅಧಿಕೃತ ಏಜೆಂಟರ ಮೂಲಕ ಮಾಡಿಸಿ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳಿಗಿಂತ ಜಾಸ್ತಿ ಅವಧಿ ಇರಲಿ. ಅರೈವಲ್ ಕಾರ್ಡ್ ವಿಚಾರ ಬೇರೆ. ಸಿಂಗಾಪುರ ತಲುಪುವ ಮುಂಚಿನ ಮೂರು ದಿನದೊಳಗೆ ನೀವೇ ಆನ್‌ಲೈನ್‌ನಲ್ಲಿ ತುಂಬಬೇಕು, ಒಂದು ರೂಪಾಯಿಯೂ ಖರ್ಚಿಲ್ಲ. ಗೂಗಲ್‌ನಲ್ಲಿ ಹುಡುಕಿದರೆ ದುಡ್ಡು ಕೇಳುವ ನಕಲಿ ಸೈಟುಗಳು ಮೇಲೆಯೇ ಬರುತ್ತವೆ. ಕಾರ್ಡ್ ನಂಬರ್ ಕೇಳಿದ ತಕ್ಷಣ ಮುಚ್ಚಿಬಿಡಿ. ಅಸಲಿ ಸೈಟು ಅಲ್ಲಿನ ವಲಸೆ ಇಲಾಖೆ ಐಸಿಎದ್ದು.

ಪಾರ್ಕ್ ದಿನ ಎಂದರೆ ಮೂರನೇ ದಿನ

ಇದು ನನ್ನ ಕಟ್ಟುನಿಟ್ಟಿನ ಸಲಹೆ. ಬೆಂಗಳೂರಿನಿಂದ ವಿಮಾನ ಸುಮಾರು ನಾಲ್ಕೂವರೆ ಗಂಟೆ. ರಾತ್ರಿ ಹನ್ನೊಂದರ ಸುಮಾರಿಗೆ ಹೊರಡುವುದನ್ನು ಹಿಡಿದರೆ ಬೆಳಿಗ್ಗೆ ಆರಕ್ಕೆ ಅಲ್ಲಿನ ಚಾಂಗಿ ಏರ್‌ಪೋರ್ಟ್‌ನಲ್ಲಿ ಇಳಿಯುತ್ತೀರಿ. ಸಿಂಗಾಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಆರು ಎಂದರೆ ನಿಮ್ಮ ಮಗುವಿನ ಮೈಗೆ ಇನ್ನೂ ಬೆಳಗಿನ ಜಾವ ಮೂರೂವರೆ. ಹೋಟೆಲ್ ರೂಮ್ ಸಿಗುವುದು ಮಧ್ಯಾಹ್ನ. ‘ಹೇಗೂ ಬೆಳಿಗ್ಗೆ ಇಳೀತೀವಲ್ಲ, ಸುಮ್ನೆ ಒಂದು ದಿನ ಯಾಕೆ ಹಾಳು’ ಎಂದು ಲಗೇಜ್ ಇಟ್ಟು ನೇರ ಯೂನಿವರ್ಸಲ್‌ಗೆ ಹೋಗುವವರಿದ್ದಾರೆ. ದಯವಿಟ್ಟು ಬೇಡ. ಮಕ್ಕಳು ಕ್ಯೂನಲ್ಲಿ ನಿಂತಲ್ಲೇ ನಿದ್ದೆ ಮಾಡುತ್ತಾರೆ.

ಮೊದಲ ದಿನ ಮಧ್ಯಾಹ್ನ ಮಲಗಿ, ಸಂಜೆ ಗಾರ್ಡನ್ಸ್ ಬೈ ದ ಬೇ ಉದ್ಯಾನಕ್ಕೆ ಹೋಗಿ. 7.45ಕ್ಕೆ ಮತ್ತು 8.45ಕ್ಕೆ ಅಲ್ಲಿನ ಮರದಾಕಾರದ ದೊಡ್ಡ ಗೋಪುರಗಳ ಕೆಳಗೆ ಬೆಳಕಿನ ಆಟ ಇರುತ್ತದೆ, ಟಿಕೆಟ್ ಇಲ್ಲ. ಎರಡನೇ ದಿನ ಊರು ನೋಡಿ, ಬೇಗ ಮಲಗಿ. ಮೂರನೇ ದಿನ ಪಾರ್ಕ್.

ಪ್ಯಾಕೇಜ್‌ನವರು ಕೊಡುವ ಪಟ್ಟಿಯಲ್ಲಿ ‘ಹಗಲು ಯೂನಿವರ್ಸಲ್, ರಾತ್ರಿ ನೈಟ್ ಸಫಾರಿ’ ಎಂದಿದ್ದರೆ ಅಲ್ಲೇ ಬದಲಾಯಿಸಿಕೊಳ್ಳಿ. ಯೂನಿವರ್ಸಲ್ ಇರುವುದು ಊರಿನ ದಕ್ಷಿಣ ತುದಿಗೆ, ಸೆಂಟೋಸಾ ಎಂಬ ಪುಟ್ಟ ದ್ವೀಪದಲ್ಲಿ. ಸಫಾರಿ ಉತ್ತರದ ಮಂಡಾಯ್‌ನಲ್ಲಿ. ದಿನವಿಡೀ ನಡೆದ ಕಾಲಿಗೆ ಮತ್ತೆ ಊರಿನ ಈ ತುದಿಯಿಂದ ಆ ತುದಿಗೆ ಪ್ರಯಾಣ. ಪಟ್ಟಿ ಎಷ್ಟು ಹಳೆಯದು ಎಂದು ತಿಳಿಯಲು ಎರಡು ಗುರುತು ಹೇಳುತ್ತೇನೆ. ‘ಜುರಾಂಗ್ ಬರ್ಡ್ ಪಾರ್ಕ್’ ಎಂದಿದೆಯೇ? ಅದು 2023ರ ಜನವರಿಯಲ್ಲೇ ಮುಚ್ಚಿತು, ಹಕ್ಕಿಗಳೆಲ್ಲ ಈಗ ಮಂಡಾಯ್‌ನ ಬರ್ಡ್ ಪ್ಯಾರಡೈಸ್‌ನಲ್ಲಿವೆ. ‘ಸೆಂಟೋಸಾ ಮರ್ಲಯನ್’ ಎಂಬ ದೊಡ್ಡ ಸಿಂಹ-ಮೀನಿನ ಪ್ರತಿಮೆ ಹತ್ತುವುದು ಎಂದಿದೆಯೇ? ಅದು 2019ರಿಂದ ಇಲ್ಲ. ಇಂಥ ಪಟ್ಟಿ ಕೊಟ್ಟವರಿಗೆ ಅಡ್ವಾನ್ಸ್ ಕೊಡಬೇಡಿ.

ಎಲ್ಲಿ ಉಳಿಯಬೇಕು

ಲಿಟಲ್ ಇಂಡಿಯಾ ಅಥವಾ ಫ್ಯಾರರ್ ಪಾರ್ಕ್. ಸೆಂಟೋಸಾದ ಒಳಗೇ ಉಳಿಯುವುದು ಒಳ್ಳೆಯದು ಎಂದು ತುಂಬ ಜನ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಬಾಡಿಗೆ ಜಾಸ್ತಿ, ಮತ್ತೆ ಉಳಿದ ದಿನಗಳಲ್ಲಿ ಊರು ನೋಡಲು ದಿನಾ ಹೊರಗೆ ಬರಬೇಕು. ಲಿಟಲ್ ಇಂಡಿಯಾದಲ್ಲಿ ಎರಡು ಅನುಕೂಲ ಇವೆ. ಬೆಳಗಿನ ತಿಂಡಿ ನಮ್ಮದೇ. ಸೆರಂಗೂನ್ ರೋಡ್‌ನಲ್ಲಿ 1947ರಿಂದ ಇರುವ ಕೋಮಲ ವಿಲಾಸ್ ಇದೆ, ಅದೇ ರಸ್ತೆಯಲ್ಲಿ ಇನ್ನೂ ಮುಂದೆ ನಮ್ಮ ಎಂಟಿಆರ್ ಕೂಡ ಇದೆ. ಇನ್ನೊಂದು, ಇಲ್ಲಿಂದ ಸೆಂಟೋಸಾದ ಎದುರಿನ ದಡಕ್ಕೆ ನೇರಳೆ ಲೈನ್‌ನ ಎಂಆರ್‌ಟಿ, ಅಂದರೆ ಅಲ್ಲಿನ ಮೆಟ್ರೊ ರೈಲು, ನೇರ ಹೋಗುತ್ತದೆ, ಎಲ್ಲೂ ಬದಲಾಯಿಸಬೇಕಿಲ್ಲ. ಏರ್‌ಪೋರ್ಟ್‌ನಿಂದ ಬರುವಾಗಲೂ ಎಕ್ಸ್‌ಪೋ ಸ್ಟೇಷನ್‌ನಲ್ಲಿ ಒಮ್ಮೆ ನೀಲಿ ಲೈನ್‌ಗೆ ಬದಲಾದರೆ ಸಾಕು. ಆದರೆ ಮೊದಲ ಬೆಳಿಗ್ಗೆ ಲಗೇಜ್, ನಿದ್ದೆಗಣ್ಣಿನ ಮಕ್ಕಳು ಎಲ್ಲ ಇರುವುದರಿಂದ ಟ್ಯಾಕ್ಸಿಯೇ ಸರಿ. ಬೆಳಿಗ್ಗೆ ಆರರ ಮೊದಲು ಹತ್ತಿದರೆ ಮೀಟರ್ ಮೇಲೆ ಶೇ 50 ಜಾಸ್ತಿ, ಅಷ್ಟು ನೋಡಿಕೊಳ್ಳಿ.

ಕಾರ್ಡ್: ಎಲ್ಲರೂ ಎಡವುವ ಜಾಗ

ಸಿಂಗಾಪುರದ ರೈಲು, ಬಸ್ಸುಗಳಲ್ಲಿ ಕಾರ್ಡ್ ತಟ್ಟಿ ಒಳಗೆ ಹೋಗಬೇಕು, ತಟ್ಟಿ ಹೊರಗೆ ಬರಬೇಕು. ಒಂದು ಪ್ರಯಾಣದ ಟಿಕೆಟ್ ಮಾರುವುದನ್ನು 2022ರಲ್ಲೇ ನಿಲ್ಲಿಸಿದ್ದಾರೆ. ನಮ್ಮ ಬ್ಯಾಂಕಿನ ಕಾಂಟ್ಯಾಕ್ಟ್‌ಲೆಸ್ ವೀಸಾ ಅಥವಾ ಮಾಸ್ಟರ್‌ಕಾರ್ಡ್ ನಡೆಯುತ್ತದೆ ಎಂದು ಎಲ್ಲರೂ ಓದಿರುತ್ತಾರೆ. ಗೇಟಿನ ಮುಂದೆ ನಿಂತಾಗ ಮೂರು ಕಡೆ ಸಿಕ್ಕಿಬೀಳುತ್ತಾರೆ.

ಮೊದಲನೆಯದು, ಕಾರ್ಡ್ ಕೆಂಪು ತೋರಿಸುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ನಮ್ಮ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ, ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ನಾವೇ ಆನ್ ಮಾಡಬೇಕು. ಬ್ಯಾಂಕ್ ಆಪ್‌ನಲ್ಲಿ ಇವು ಬೇರೆ ಬೇರೆ ಸ್ವಿಚ್. ಅನೇಕರು ವಿದೇಶಿ ಬಳಕೆ ಆನ್ ಮಾಡಿ, ಅದರ ಒಳಗಿರುವ ‘ಟ್ಯಾಪ್’ ಸ್ವಿಚ್ ಮರೆಯುತ್ತಾರೆ. ಒಟಿಪಿ ಬರುವ ಸಿಮ್ ಕೈಯಲ್ಲಿರುವಾಗಲೇ, ಬೆಂಗಳೂರಿನಲ್ಲೇ, ಇದನ್ನು ಮಾಡಿ ಮುಗಿಸಿ.

ಎರಡನೆಯದು, ಒಬ್ಬರಿಗೆ ಒಂದು ಕಾರ್ಡ್. ಅಪ್ಪ ಒಂದೇ ಕಾರ್ಡ್ ತಟ್ಟಿ ನಾಲ್ವರನ್ನು ಒಳಗೆ ಬಿಡಲು ಆಗುವುದಿಲ್ಲ. 0.9 ಮೀಟರ್‌ಗಿಂತ ಕುಳ್ಳಗಿರುವ ಮಗು ದೊಡ್ಡವರ ಜೊತೆ ಉಚಿತವಾಗಿ ಬರಬಹುದು, ಉಳಿದವರಿಗೆಲ್ಲ ಕೈಗೊಂದು ಕಾರ್ಡ್ ಬೇಕು. ಹತ್ತು ವರ್ಷದ ಮಗನಿಗೂ, ಎಪ್ಪತ್ತರ ಅಜ್ಜಿಗೂ.

ಮೂರನೆಯದು, ಒಳಗೆ ಹೋಗುವಾಗ ಕಾರ್ಡ್ ತಟ್ಟಿ, ಹೊರಗೆ ಬರುವಾಗ ಅದೇ ಕಾರ್ಡನ್ನು ಫೋನಿನಿಂದ ತಟ್ಟುವುದು. ಯಂತ್ರಕ್ಕೆ ಅವೆರಡೂ ಬೇರೆ ಕಾರ್ಡ್. ಪ್ರಯಾಣ ಅರ್ಧಕ್ಕೇ ನಿಂತಂತೆ ಲೆಕ್ಕ ಹಿಡಿದು ಎರಡರಿಂದಲೂ ದುಡ್ಡು ಕಡಿಯುತ್ತದೆ.

ಇಷ್ಟೆಲ್ಲ ತಲೆಬಿಸಿ ಬೇಡ ಎನ್ನುವವರು ಇಳಿದ ದಿನವೇ ಏರ್‌ಪೋರ್ಟ್ ಎಂಆರ್‌ಟಿ ಸ್ಟೇಷನ್‌ನಲ್ಲಿ ಎಲ್ಲರಿಗೂ ಒಂದೊಂದು ಇಝಿ-ಲಿಂಕ್ ಎಂಬ ಪ್ರಯಾಣದ ಕಾರ್ಡ್ ಕೊಂಡು, ಹಿಂದೆ ಹೆಸರು ಬರೆದುಬಿಡಿ. ಮಕ್ಕಳ ಕೊರಳಿಗೆ ಒಂದು ಟ್ಯಾಗ್‌ನಲ್ಲಿ ಹಾಕಿದರೆ ಇನ್ನೂ ಚೆಂದ. ಕಾರ್ಡಿನ ಬೆಲೆ ವಾಪಸ್ ಬರುವುದಿಲ್ಲ, ಪರವಾಗಿಲ್ಲ. ‘ಟೂರಿಸ್ಟ್ ಪಾಸ್’ ಮಾತ್ರ ಬೇಡ. ಒಂದು ಸಲದ ಪ್ರಯಾಣಕ್ಕೆ ಸುಮಾರು ಎರಡು ಡಾಲರ್ ಆಗುವ ಊರಿನಲ್ಲಿ, ಇಡೀ ದಿನ ಪಾರ್ಕ್ ಒಳಗೇ ಇರುವವರಿಗೆ ದಿನದ ಪಾಸ್‌ನಿಂದ ಏನೂ ಗಿಟ್ಟುವುದಿಲ್ಲ.

ಆ ಬೆಳಿಗ್ಗೆ, ಹಿಂದಿನಿಂದ ಮುಂದಕ್ಕೆ

ಪಾರ್ಕ್ ಸಾಮಾನ್ಯವಾಗಿ ಹತ್ತಕ್ಕೆ ತೆರೆಯುತ್ತದೆ, ನಿಮ್ಮ ದಿನದ ಸಮಯವನ್ನು ಅವರ ವೆಬ್‌ಸೈಟ್‌ನಲ್ಲಿ ನೋಡಿ. ಹತ್ತು ಎಂದುಕೊಂಡರೆ, 9.15ಕ್ಕೆ ಗೇಟಿನ ಸಾಲಿನಲ್ಲಿ ಇರಬೇಕು. ಅದಕ್ಕೆ ಒಂಬತ್ತಕ್ಕೆ ಮಾನೋರೈಲಿನ ಬಳಿ, ಎಂಟೂವರೆಗೆ ಲಿಟಲ್ ಇಂಡಿಯಾ ಸ್ಟೇಷನ್‌ನಲ್ಲಿ, ಏಳೂವರೆಗೆ ಇಡ್ಲಿ ಮುಂದೆ. ಏಳಬೇಕಾದದ್ದು ಆರೂಮುಕ್ಕಾಲಿಗೆ, ನಮ್ಮ ಲೆಕ್ಕದಲ್ಲಿ ನಾಲ್ಕೂಕಾಲು. ಎರಡನೇ ದಿನ ಬೇಗ ಮಲಗಿ ಎಂದದ್ದು ಇದಕ್ಕೇ.

ನೇರಳೆ ಲೈನ್‌ನಲ್ಲಿ ಹಾರ್ಬರ್‌ಫ್ರಂಟ್ ಕಡೆಯ ರೈಲು ಹತ್ತಿ. ಅದೇ ಕೊನೆಯ ಸ್ಟೇಷನ್, ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಅದು ಆಫೀಸಿಗೆ ಹೋಗುವವರ ಹೊತ್ತು, ಮಕ್ಕಳ ಕೈ ಹಿಡಿದಿರಿ. ಒಳಗೆ ಚಕ್ಕುಲಿ ಡಬ್ಬಿ ತೆಗೆಯಬೇಡಿ. ರೈಲಿನಲ್ಲಿ ತಿನ್ನುವುದು, ಕುಡಿಯುವುದು ಎರಡಕ್ಕೂ ದಂಡ ಇದೆ, 500 ಡಾಲರ್‌ವರೆಗೆ.

ಹಾರ್ಬರ್‌ಫ್ರಂಟ್‌ನಲ್ಲಿ ಇಳಿದು ವೀವೋಸಿಟಿ ಮಾಲ್ ಕಡೆಯ ದಾರಿ ಹಿಡಿಯಿರಿ. ಇಲ್ಲಿ ಜನ ದಾರಿ ತಪ್ಪುತ್ತಾರೆ. ಮಾನೋರೈಲು, ಅಂದರೆ ಸೆಂಟೋಸಾ ಎಕ್ಸ್‌ಪ್ರೆಸ್, ಇರುವುದು ಮಾಲ್‌ನ ಮೂರನೇ ಲೆವೆಲ್‌ನಲ್ಲಿ. ಎಂಆರ್‌ಟಿ ನೆಲದಡಿ. ಅಂಗಡಿಗಳು ಇನ್ನೂ ಮುಚ್ಚಿರುತ್ತವೆ, ಬಾಗಿಲು ಹಾಕಿದ ಮಾಲ್ ಎಂದು ಹೊರಗೆ ನಡೆದುಬಿಡಬೇಡಿ. ಮಾನೋರೈಲು ಏಳರಿಂದಲೇ ಓಡುತ್ತದೆ, ಎಸ್ಕಲೇಟರ್ ಹಿಡಿದು ಮೇಲೆ ಹೋಗುತ್ತಲೇ ಇರಿ. ಸ್ಟ್ರಾಲರ್ ಇದ್ದರೆ ಲಿಫ್ಟ್ ಹುಡುಕಿ. ಒಬ್ಬರಿಗೆ ನಾಲ್ಕು ಡಾಲರ್, ಅದೇ ಕಾರ್ಡ್ ತಟ್ಟಿದರೆ ಆಯಿತು. ವಾಪಸ್ ಬರುವಾಗ ದುಡ್ಡಿಲ್ಲ. ದ್ವೀಪದ ಮೊದಲ ಸ್ಟೇಷನ್ ‘ರೆಸಾರ್ಟ್ಸ್ ವರ್ಲ್ಡ್’. ಅಲ್ಲೇ ಇಳಿಯಿರಿ. ಸಮುದ್ರ ನೋಡುತ್ತಾ ಕೂತವರು ಕೊನೆಯ ಬೀಚ್ ಸ್ಟೇಷನ್‌ವರೆಗೆ ಹೋಗಿಬಿಡುತ್ತಾರೆ. ಹಳೆಯ ಮ್ಯಾಪ್‌ಗಳಲ್ಲಿ ರೆಸಾರ್ಟ್ಸ್ ವರ್ಲ್ಡ್ ಸ್ಟೇಷನ್‌ಗೆ ವಾಟರ್‌ಫ್ರಂಟ್ ಎಂದಿರುತ್ತದೆ, ಎರಡೂ ಒಂದೇ.

ನಡೆಯುವ ಶಕ್ತಿ ಇದ್ದರೆ ವೀವೋಸಿಟಿ ಪಕ್ಕದಿಂದಲೇ ಬೋರ್ಡ್‌ವಾಕ್ ಇದೆ, ನೀರಿನ ಮೇಲಿನ ನಡೆದಾರಿ, ಪೂರ್ತಿ ಉಚಿತ. ಬೆಳಿಗ್ಗೆ ಕಾಲು ಉಳಿಸಿಕೊಂಡು ಸಂಜೆ ವಾಪಸ್ ಬರುವಾಗ ಇದನ್ನು ಬಳಸಿ. ಪಾರ್ಕ್ ಮುಚ್ಚುವ ಹೊತ್ತಿಗೆ ಮಾನೋರೈಲಿಗೆ ಉದ್ದ ಸಾಲು ಇರುತ್ತದೆ.

ಕಾರಿನಲ್ಲೇ ಹೋಗುತ್ತೇವೆ ಎನ್ನುವವರಿಗೆ ಒಂದು ಮಾತು. ಸಿಂಗಾಪುರದಲ್ಲಿ 1.35 ಮೀಟರ್‌ಗಿಂತ ಕುಳ್ಳಗಿರುವ ಮಕ್ಕಳಿಗೆ ಕಾರಿನಲ್ಲಿ ಚೈಲ್ಡ್ ಸೀಟ್ ಕಡ್ಡಾಯ. ಟ್ಯಾಕ್ಸಿಗೆ ವಿನಾಯಿತಿ ಇದೆ, ಆಪ್‌ನಲ್ಲಿ ಬುಕ್ ಮಾಡುವ ಖಾಸಗಿ ಕಾರಿಗೆ ಇಲ್ಲ. ಕಾರು ಬಂದು, ಮಗುವನ್ನು ನೋಡಿ, ಹತ್ತಿಸದೆ ಹೋದರೆ ಡ್ರೈವರ್ ಮೇಲೆ ಸಿಟ್ಟಾಗಬೇಡಿ, ದಂಡ ಬೀಳುವುದು ಅವರಿಗೆ. ಆಪ್‌ನಲ್ಲಿ ‘ಟ್ಯಾಕ್ಸಿ’ ಎಂದೇ ಆರಿಸಿ, ಇಲ್ಲವೇ ಚೈಲ್ಡ್ ಸೀಟ್ ಇರುವ ಕಾರು ಕೇಳಿ. ಮಾಮೂಲಿ ಟ್ಯಾಕ್ಸಿಯಲ್ಲಿ ನಾಲ್ವರಿಗೆ ಮಾತ್ರ ಜಾಗ. ನಮ್ಮೂರ ಆಟೋದಂತೆ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅಲ್ಲಿ ನಡೆಯುವುದಿಲ್ಲ.

ಒಳಗೆ ಹೋದ ಮೇಲೆ

ಹೊರಡುವ ಮುಂಚೆ ಮನೆಯಲ್ಲೇ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ಇಡೀ ದಿನದ ಪ್ಲಾನ್ ಆ ಒಂದು ಅಂಕಿಯ ಮೇಲೆ ನಿಂತಿದೆ. ಟ್ರಾನ್ಸ್‌ಫಾರ್ಮರ್ಸ್‌ಗೆ 102 ಸೆಂ.ಮೀ., ಜುರಾಸಿಕ್ ಪಾರ್ಕ್‌ನ ನೀರಿನ ರೈಡ್‌ಗೆ 107, ‘ರಿವೆಂಜ್ ಆಫ್ ದ ಮಮ್ಮಿ’ ರೈಡ್‌ಗೆ 122, ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾಕ್ಕೆ 125. ಒಂದು ಸೆಂಟಿಮೀಟರ್ ಕಡಿಮೆ ಇದ್ದರೂ ಬಿಡುವುದಿಲ್ಲ. ಮುಕ್ಕಾಲು ಗಂಟೆ ಕಾದು ಕೊನೆಗೆ ಅಳತೆಗೋಲಿನ ಮುಂದೆ ತಂಗಿಯನ್ನು ಮಾತ್ರ ಹೊರಗೆ ಕಳಿಸಿದಾಗ ಆ ಮಗುವಿನ ಮುಖ ನೋಡಲಾಗುವುದಿಲ್ಲ. ಮೊದಲೇ ಹೇಳಿ ಒಪ್ಪಿಸಿಟ್ಟಿರಿ. ಅಪ್ಪ-ಅಮ್ಮ ಇಬ್ಬರಿಗೂ ರೈಡ್ ಬೇಕಿದ್ದರೆ ಬಾಗಿಲಲ್ಲೇ ‘ಚೈಲ್ಡ್ ಸ್ವಾಪ್’ ಕೇಳಿ. ಒಬ್ಬರು ಹೋಗಿ ಬಂದ ಮೇಲೆ ಇನ್ನೊಬ್ಬರು ಮತ್ತೆ ಕ್ಯೂ ನಿಲ್ಲದೆ ಹೋಗಬಹುದು.

ತಿರುಗುವ ಗ್ಲೋಬ್ ಮುಂದೆ ಫೋಟೋ ಸಂಜೆಗಿರಲಿ, ಅದು ಗೇಟಿನ ಹೊರಗೇ ಇದೆ. ಬೆಳಿಗ್ಗೆ ನೇರ ಒಳಗೆ ನಡೆಯಿರಿ. ಪಾರ್ಕ್ ಒಂದು ಕೆರೆಯ ಸುತ್ತ ಇದೆ. ಚಿಕ್ಕ ಮಕ್ಕಳಿದ್ದರೆ ಎಡಕ್ಕೆ, 2025ರ ಫೆಬ್ರುವರಿಯಲ್ಲಿ ತೆರೆದ ಮಿನಿಯನ್ ಲ್ಯಾಂಡ್‌ಗೆ. ಎತ್ತರದ ಮಕ್ಕಳಿದ್ದರೆ ಬಲಕ್ಕೆ, ನ್ಯೂಯಾರ್ಕ್ ಎಂಬ ಭಾಗ ದಾಟಿ ಸೈ-ಫೈ ಸಿಟಿಗೆ. ಬಯಲಿನ ರೈಡ್‌ಗಳನ್ನೆಲ್ಲ ಮಧ್ಯಾಹ್ನದೊಳಗೆ ಮುಗಿಸಿ. ಮಧ್ಯಾಹ್ನ ಗುಡುಗು-ಮಳೆ ಅಲ್ಲಿ ಮಾಮೂಲು, ಸಿಡಿಲಿನ ಸೂಚನೆ ಬಂದರೆ ಹೊರಗಿನ ರೈಡ್ ನಿಲ್ಲಿಸುತ್ತಾರೆ. ನೀರಿನ ರೈಡ್‌ಗೆ ಪೂರ್ತಿ ನೆನೆಯುತ್ತೀರಿ, ಒಂದು ಜೊತೆ ಬಟ್ಟೆ ಚೀಲದಲ್ಲಿರಲಿ. ಒದ್ದೆ ಬಟ್ಟೆಯಲ್ಲಿ ಎಸಿ ಥಿಯೇಟರ್‌ಗೆ ಕರೆದೊಯ್ದರೆ ರಾತ್ರಿಗೇ ನೆಗಡಿ. ಅಲ್ಲಿ ಮಾರುವ ಪ್ಲಾಸ್ಟಿಕ್ ರೇನ್‌ಕೋಟ್ ಕೊಳ್ಳಬೇಡಿ, ಮನೆಯಿಂದಲೇ ಒಯ್ಯಿರಿ.

ರೈಡ್‌ಗಳ ಕ್ಯೂ ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್? ಏಪ್ರಿಲ್‌ನ ಬುಧವಾರಕ್ಕೆ ಬೇಡ. ಶನಿವಾರ, ಭಾನುವಾರವೇ ಗತಿ ಎಂದಾದರೆ ಕೊಳ್ಳಿ.

ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಮಗುವಿನ ಆಹಾರಕ್ಕೆ ತೊಂದರೆ ಇಲ್ಲ. ಸಸ್ಯಾಹಾರ ಸಿಗುತ್ತದೆ, ಆಯ್ಕೆ ಕಡಿಮೆ. ಖಾಲಿ ಬಾಟಲಿ ಒಯ್ಯಿರಿ, ನಲ್ಲಿ ನೀರು ಕುಡಿಯಬಹುದು. ಹನ್ನೊಂದೂವರೆಗೇ ಊಟ ಮುಗಿಸಿದರೆ ಊಟದ ಕ್ಯೂ ತಪ್ಪುತ್ತದೆ, ಎಲ್ಲರೂ ತಿನ್ನಲು ಹೋದಾಗ ರೈಡ್‌ಗಳೂ ಸ್ವಲ್ಪ ಖಾಲಿಯಾಗುತ್ತವೆ.

ಅಜ್ಜ-ಅಜ್ಜಿ ಜೊತೆಗಿದ್ದರೆ ಅವರನ್ನು ಸಂಜೆಯವರೆಗೆ ಕಾಯಿಸಬೇಡಿ. ನಾಲ್ಕು ಗಂಟೆಗೆ ಮನೆಯ ಒಬ್ಬ ದೊಡ್ಡವರು ಅವರ ಜೊತೆ ಟ್ಯಾಕ್ಸಿ ಹಿಡಿದು ಹೋಟೆಲ್‌ಗೆ ಹೋಗಲಿ, ಮಕ್ಕಳು ಇನ್ನೊಬ್ಬರ ಜೊತೆ ಉಳಿಯಲಿ. ಇದನ್ನು ಬೆಳಿಗ್ಗೆ ತಿಂಡಿ ತಿನ್ನುವಾಗಲೇ ನಿರ್ಧರಿಸಿಕೊಂಡಿರಿ, ಅಜ್ಜಿಯ ಮಾತ್ರೆ, ಹೋಟೆಲ್ ಕೀ ಎರಡೂ ಅವರ ಜೊತೆ ಹೋಗುವವರ ಚೀಲದಲ್ಲೇ ಇರಲಿ. ಮಾರನೇ ದಿನ ಮಧ್ಯಾಹ್ನದವರೆಗೆ ಏನೂ ಬುಕ್ ಮಾಡಬೇಡಿ. ನೈಟ್ ಸಫಾರಿಗೆ ಹೋಗುವುದಿದ್ದರೆ ಆ ಸಂಜೆಯೇ ಹೋಗಿ.