ಅಲ್ಸಾಸ್‌ನ ತೆಳು ರೊಟ್ಟಿ: ಕಾವು ಇದ್ದರೆ ಅರ್ಧ ಗೆದ್ದಂತೆ

ಫ್ರಾನ್ಸಿನ ಪೂರ್ವದ ಅಂಚಿನಲ್ಲಿ ಅಲ್ಸಾಸ್ ಇದೆ. ರೈನ್ ನದಿ ದಾಟಿದರೆ ಜರ್ಮನಿ. 1871ರಲ್ಲಿ ಈ ನಾಡು ಜರ್ಮನಿಯ ಪಾಲಾಯಿತು. ಮೊದಲ ಮಹಾಯುದ್ಧ ಮುಗಿದಾಗ ಫ್ರಾನ್ಸಿಗೆ ಮರಳಿತು. 1940ರಲ್ಲಿ ಮತ್ತೆ ಜರ್ಮನಿ, ಎರಡನೇ ಮಹಾಯುದ್ಧದ ಕೊನೆಗೆ ಮತ್ತೆ ಫ್ರಾನ್ಸ್. ಹಾಗಾಗಿ ಇಲ್ಲಿನ ತೆಳು ರೊಟ್ಟಿಗೂ ಎರಡೆರಡು ಹೆಸರು. ಊರವರ ಮಾತಿನಲ್ಲಿ ಫ್ಲಾಮೆಕ್ಯೂಶ್, ಫ್ರೆಂಚಿನಲ್ಲಿ ತಾರ್ತ್ ಫ್ಲಾಂಬೆ. ಫ್ಲಾಂಬೆ ಎಂದರೆ ಬೆಂಕಿ ತಾಗಿದ್ದು. ಫ್ರೆಂಚ್ ಹೆಸರು ಕೇಳಿ, ಮೇಲೆ ಮದ್ಯ ಸುರಿದು ಬೆಂಕಿ ಹಚ್ಚುತ್ತಾರೆ ಅಂದುಕೊಳ್ಳಬೇಡಿ. ಬೆಂಕಿ ಇರುವುದು ಒಲೆಯೊಳಗೆ.

ಸ್ಟ್ರಾಸ್‌ಬರ್ಗ್ ಪಕ್ಕದ ಕೋಕರ್ಸ್‌ಬರ್ಗ್ ಕಡೆಯ ರೈತರ ಮನೆಗಳಲ್ಲಿ ಇದು ಬ್ರೆಡ್ ಸುಡುವ ದಿನದ ತಿಂಡಿ. ಸೌದೆ ಉರಿಸಿದ ಒಲೆ ಮೊದಲಿಗೆ ಬ್ರೆಡ್ಡಿಗೆ ತೀರಾ ಬಿಸಿ. ಆಗ ಚೂರು ಹಿಟ್ಟನ್ನು ತೆಳ್ಳಗೆ ಲಟ್ಟಿಸಿ ಒಳಗೆ ತಳ್ಳುತ್ತಿದ್ದರು. ಒಂದೆರಡು ನಿಮಿಷದಲ್ಲೇ ಅಂಚು ಕಪ್ಪಾದರೆ, ಬ್ರೆಡ್ಡಿಗೆ ಇನ್ನೂ ಸ್ವಲ್ಪ ಕಾಯಬೇಕು ಎಂದರ್ಥ. ಹೊಲದ ಕೆಲಸ ಮುಗಿಸಿ ಬಂದವರಿಗೆ ಅಷ್ಟರಲ್ಲಿ ಹೊಟ್ಟೆಗೂ ಬೀಳುತ್ತಿತ್ತು.

ಹಿಟ್ಟು. 250 ಗ್ರಾಂ ಮೈದಾ, ಅರ್ಧ ಚಮಚ ಉಪ್ಪು, 3 ದೊಡ್ಡ ಚಮಚ ಎಣ್ಣೆ, ಸುಮಾರು 125 ಮಿಲಿ ನೀರು. ಯೀಸ್ಟ್ ಬೇಡ. ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಮುಚ್ಚಿ ಅರ್ಧ ಗಂಟೆ ಬಿಡಿ. ಮೂರು ರೊಟ್ಟಿ ಆಗುತ್ತದೆ.

ಮೇಲಿನ ಸವರು. ಅಲ್ಲಿ ಹಾಕುವುದು ಫ್ರೊಮಾಜ್ ಬ್ಲಾಂ ಎಂಬ ಮೆತ್ತನೆಯ ಹಸಿ ಚೀಸ್ ಮತ್ತು ಕ್ರೀಮ್. ಚೀಸ್ ಸಿಗದಿದ್ದರೆ ಹುಳಿಯಾಗದ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ನಾಲ್ಕೈದು ಗಂಟೆ ನೇತುಹಾಕಿ. ಇದರಲ್ಲಿ ಅವಸರ ಬೇಡ. ನಾನು ಮೊದಲ ಸಲ ಒಂದೇ ಗಂಟೆಗೆ ಇಳಿಸಿದ್ದೆ. ನೀರು ಬಿಟ್ಟುಕೊಂಡು ರೊಟ್ಟಿಯ ಅಡಿ ಪೂರ್ತಿ ಒದ್ದೆಯಾಯಿತು, ಎತ್ತುವಾಗಲೇ ಹರಿಯಿತು. 200 ಗ್ರಾಂ ಕಟ್ಟಿದ ಮೊಸರಿಗೆ 100 ಮಿಲಿ ಕ್ರೀಮ್, ಉಪ್ಪು, ಕಾಳುಮೆಣಸು, ಚಿಟಿಕೆ ಜಾಯಿಕಾಯಿ ಪುಡಿ ಸೇರಿಸಿ ಕಲಸಿ.

ಎರಡು ಈರುಳ್ಳಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ. ದಪ್ಪ ಇದ್ದರೆ ಹಸಿಯಾಗೇ ಉಳಿಯುತ್ತದೆ. ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸದ ಸಣ್ಣ ತುಂಡುಗಳು ಅಲ್ಲಿನ ರೂಢಿ. ಮಾಂಸ ತಿನ್ನದವರು ಅಣಬೆ ಹಾಕಬಹುದು. ಅಲ್ಸಾಸ್‌ನಲ್ಲೂ ಅಣಬೆ ಹಾಕುವುದುಂಟು. ಮೊದಲೇ ಬಾಣಲೆಯಲ್ಲಿ ಹುರಿದು ಅದರ ನೀರು ಇಂಗಿಸಿ.

ಕಾವು. ಎಲ್ಲಕ್ಕಿಂತ ಮುಖ್ಯ ಇದೇ. ಅವನ್ ಎಷ್ಟು ಏರುತ್ತದೋ ಅಷ್ಟಕ್ಕೆ, ಕನಿಷ್ಠ 250 ಡಿಗ್ರಿಗೆ ಇಡಿ. ಕಬ್ಬಿಣದ ಟ್ರೇ ಒಂದನ್ನು ಬೋರಲು ಹಾಕಿ, ಅರ್ಧ ಗಂಟೆ ಒಳಗೇ ಕಾಯಲು ಬಿಡಿ. ಹಿಟ್ಟು ಬಿಸಿ ಲೋಹದ ಮೇಲೆ ಬಿದ್ದ ಕ್ಷಣದಿಂದಲೇ ಅಡಿ ಗಟ್ಟಿಯಾಗಬೇಕು.

ಉಂಡೆಯನ್ನು 2 ಮಿಲಿಮೀಟರಿಗಿಂತ ತೆಳ್ಳಗೆ ಲಟ್ಟಿಸಿ. ದುಂಡಗೇ ಬರಬೇಕೆಂದಿಲ್ಲ. ಹಿಟ್ಟು ಉದುರಿಸಿದ ಮರದ ಹಲಗೆ ಮೇಲಿಟ್ಟು ಸವರು ಹಚ್ಚಿ, ಈರುಳ್ಳಿ, ಮಾಂಸ ಅಥವಾ ಅಣಬೆ ಉದುರಿಸಿ. ಜಾಸ್ತಿ ಹೇರಬೇಡಿ, ಭಾರವಾದರೆ ಗರಿಗರಿ ಹೋಯಿತು. ಇದನ್ನೆಲ್ಲ ಬೇಗ ಮುಗಿಸಿ, ತಡವಾದರೆ ಹಿಟ್ಟು ಹಲಗೆಗೆ ಅಂಟುತ್ತದೆ. ಹಲಗೆ ಒಮ್ಮೆ ಅಲ್ಲಾಡಿಸಿ ನೋಡಿ, ಬಿಸಿ ಟ್ರೇ ಮೇಲೆ ಜಾರಿಸಿ. ಎಂಟರಿಂದ ಹತ್ತು ನಿಮಿಷ ಸಾಕು. ಅಂಚಿನಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕಿ ಬರಲಿ, ಹೆದರಬೇಡಿ. ರುಚಿ ಇರುವುದೇ ಅಲ್ಲಿ.

ತಿನ್ನುವ ಬಗೆ. ಚಾಕು, ಫೋರ್ಕ್ ಬದಿಗಿಡಿ. ಹಲಗೆ ಮೇಲೇ ಕತ್ತರಿಸಿ, ತುಂಡನ್ನು ಸುರುಳಿ ಸುತ್ತಿ ಕೈಯಲ್ಲೇ ತಿನ್ನಿ. ಅಲ್ಲಿ ಒಂದನ್ನು ಮೇಜಿನ ನಡುವೆ ಇಟ್ಟು ಎಲ್ಲರೂ ಹಂಚಿಕೊಳ್ಳುತ್ತಾರೆ. ಅದು ಖಾಲಿಯಾದ ಮೇಲೆ ಇನ್ನೊಂದು ಬಿಸಿಬಿಸಿ ಬರುತ್ತದೆ. ಮನೆಯಲ್ಲೂ ಹಾಗೇ ಮಾಡಿ, ಮೂರನ್ನೂ ಸುಟ್ಟು ಪೇರಿಸಿಡಬೇಡಿ. ತುರಿದ ಚೀಸ್ ಹಾಕುವ ಬಗೆಯೂ ಇದೆ. ಆದರೆ ಮೊದಲ ಸಲ ಅದಿಲ್ಲದೆ ತಿನ್ನಿ. ಹಾಲಿನ ತಂಪು, ಈರುಳ್ಳಿಯ ಸಿಹಿ, ಸುಟ್ಟ ಅಂಚಿನ ಕಹಿ ಬೇರೆಬೇರೆಯಾಗಿ ನಾಲಿಗೆಗೆ ಸಿಗುತ್ತವೆ.

ಕೊನೆಯ ಉಂಡೆಗೆ ಈರುಳ್ಳಿ ಬೇಡ. ಉಪ್ಪು, ಮೆಣಸು ಹಾಕದ ಸವರನ್ನು ಸ್ವಲ್ಪ ಮೊದಲೇ ಎತ್ತಿಟ್ಟುಕೊಂಡಿರಿ. ಅದರ ಮೇಲೆ ಸೇಬಿನ ತೆಳು ಬಿಲ್ಲೆ, ಸಕ್ಕರೆ, ದಾಲ್ಚಿನ್ನಿ ಪುಡಿ. ಅಲ್ಸಾಸ್‌ನಲ್ಲಿ ಈ ರೊಟ್ಟಿಯ ಊಟ ಮುಗಿಯುವುದು ಹೆಚ್ಚಾಗಿ ಇದರಿಂದಲೇ.